ಹದಿನಾರು ಖಾಲಿ ಮನೆಗಳು

ಹಾಡು ಕಟ್ಟುವವರೆಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಕಿಟಕಿಯ ಹತ್ತಿರ ಕೂತು ಆಕಾಶ ನೋಡುತ್ತಾರೆ, ಏನೋ ಹೊಳೆಯುತ್ತದೆ, ಕಣ್ಣು ತುಂಬಿ ಬರುತ್ತದೆ, ಹಾಡು ಹುಟ್ಟುತ್ತದೆ ಅಂತ. ಮಣ್ಣು! ಹಾಡಿನಕ್ಕನ ಕೋಣೆಗೆ ಒಂದು ದಿನ ಬಂದು ನೋಡಿದ್ದರೆ ಈ ಭ್ರಮೆಯೆಲ್ಲ ಇಳಿದುಹೋಗುತ್ತಿತ್ತು. ಅಲ್ಲಿ ಇದ್ದದ್ದು ಒಂದು ಮೇಜು, ಮೂರು ಕುರ್ಚಿ, ಒಂದು ಕೀಬೋರ್ಡು, ಒಂದು ಮೈಕು, ಒಂದು ಕಂಪ್ಯೂಟರು, ಸದ್ದು ಹೀರಲೆಂದು ಗೋಡೆಗೆ ಹೊಡೆದ ಹಳೇ ಹಾಸಿಗೆಗಳು, ಮತ್ತೆ ರಾಶಿ ರಾಶಿ ಚೌಕುಳಿ ಹಾಳೆ. ಶಾಲೆಯಲ್ಲಿ ಮಕ್ಕಳು ಲೆಕ್ಕ ಮಾಡುತ್ತಾರಲ್ಲ, ಅದೇ ಹಾಳೆ. ಅದರ ಮೇಲೆ ಸ್ಕೇಲಿಟ್ಟು, ಪೆನ್ಸಿಲಿನಿಂದ ಗೆರೆ ಎಳೆದು ಮನೆ ಮಾಡಿ, ಒಂದೊಂದು ಮನೆಗೆ ತಾಳದ ನಾಲ್ಕು ಎಣಿಕೆ ಎಂದು ಲೆಕ್ಕ ಹಾಕಿ ಅವಳು ಹಾಡು ಕಟ್ಟುತ್ತಿದ್ದಳು.

ಕೆಳಗೆ ಟೈಲರ್ ಅಂಗಡಿ, ಮೇಲೆ ಹಾಡಿನ ಕೋಣೆ. ಚಪ್ಪಲಿ ಅಂಗಡಿಯವರಿಗೆ ರೇಡಿಯೋ ಜಾಹೀರಾತು, ಶಾಲೆಯವರಿಗೆ ವಾರ್ಷಿಕೋತ್ಸವದ ಹಾಡು, ನಿವೃತ್ತರಾಗುವ ಪೋಸ್ಟ್‌ಮಾಸ್ಟರರಿಗೆ ಬೀಳ್ಕೊಡುಗೆ ಹಾಡು, ಯಾರು ಏನು ಕೇಳಿದರೂ ಆಗುವುದಿಲ್ಲ ಅಂದವಳಲ್ಲ. ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಎಷ್ಟು ನಿಮಿಷ?" ಯಾರದೋ ಮಗುವನ್ನು ತೂಗಿ ಮಲಗಿಸುವಾಗಲೂ ಮನಸ್ಸಿನಲ್ಲಿ ಎಣಿಸುತ್ತಿದ್ದಳಂತೆ, ಪುಣ್ಯಾತ್ಗಿತ್ತಿ. ಬೀದಿಗೆಲ್ಲ ಅವಳು ಹಾಡಿನಕ್ಕ. ಒಡಹುಟ್ಟಿದ ತಮ್ಮನಿಗೆ ಮಾತ್ರ ಗಜಕಡ್ಡಿ.

ಆ ತಮ್ಮನದು ಪೂರಾ ಉಲ್ಟಾ. ಅವನೇ ಹಾಡುವವನು. ಗಂಟಲು ಎಂಥದ್ದೆಂದರೆ, ಅವನು ಮೈಕಿನ ಮುಂದೆ ನಿಂತು ಕೆಮ್ಮಿದರೂ ಕೇಳಬೇಕು ಅನ್ನಿಸುತ್ತಿತ್ತು. ಆದರೆ ಒಂದು ಸಾಲನ್ನು ಎರಡು ಸಲ ಒಂದೇ ಥರ ಹಾಡು ಅಂದರೆ ಜಪ್ಪಯ್ಯ ಅಂದರೂ ಆಗದು. ಕಣ್ಣು ಮುಚ್ಚಿ ಎಡಗಿವಿ ಉಜ್ಜಿಕೊಂಡನೆಂದರೆ ಮುಗಿಯಿತು, ಸವಾರಿ ಎಲ್ಲಿಗೆ ಹೊರಟಿತು, ಯಾವಾಗ ವಾಪಸು ಬರುತ್ತದೆ, ದೇವರಿಗೇ ಗೊತ್ತು. ಮೊದಲ ಹಾಡು ಮಾಡುವಾಗಲೇ ಇಬ್ಬರಿಗೂ ಹತ್ತಿಕೊಂಡಿತು. "ನೀನು ಹಾಡನ್ನ ಪಂಜರದಲ್ಲಿ ಹಾಕಿ ಕೊಲ್ತೀಯ" ಅಂತ ಅವನು, "ನೀನು ಅದನ್ನ ಬೀದಿಗೆ ಬಿಟ್ಟು ಕೊಲ್ತೀಯ" ಅಂತ ಅವಳು. ಮೂರು ತಿಂಗಳು ಮಾತು ಬಿಟ್ಟರು. ಒಂದೇ ಮನೆಯಲ್ಲಿದ್ದುಕೊಂಡು!

ಕೊನೆಗೆ ರಾಜಿಗೆ ಬಂದವಳು ಅಕ್ಕನೇ. ಕೊನೆಯ ಚರಣಕ್ಕೆ ಮುಂಚೆ ಹದಿನಾರು ಮನೆಗಳ ಸುತ್ತ ದಪ್ಪ ಗೆರೆ ಎಳೆದು, ಒಳಗೆ ಏನೂ ಬರೆಯದೆ, ಹಾಳೆಯನ್ನು ಅವನ ಮುಂದೆ ತಳ್ಳಿದಳು. "ಉಳಿದಿದ್ದೆಲ್ಲ ನಂದು. ಈ ಹದಿನಾರು ಖಾಲಿ ಮನೆ ನಿಂದು. ಅಲ್ಲಿ ನೀನು ಕುಣೀತೀಯೋ, ಬಿದ್ದು ಹೊರಳಾಡ್ತೀಯೋ, ನಾನು ಕೇಳಲ್ಲ. ಆದ್ರೆ ಹದಿನೇಳನೇ ಮನೆಗೆ ಸರಿಯಾಗಿ ನನ್ನ ಚರಣಕ್ಕೆ ಬಂದು ನಿಂತಿರ್ಬೇಕು." ತಮ್ಮ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಆಗ್ಲಿ ಗಜಕಡ್ಡಿ" ಅಂದ.

ಇಪ್ಪತ್ತಾರು ವರ್ಷ ಆ ಒಪ್ಪಂದ ನಡೆಯಿತು. ಜನ ಚಪ್ಪಲಿಯ ಹೆಸರು ಮರೆತರು, ಪೋಸ್ಟ್‌ಮಾಸ್ಟರರನ್ನು ಮರೆತರು, ಆ ಹದಿನಾರು ಮನೆಗಳನ್ನು ಮಾತ್ರ ಗುನುಗುತ್ತಾ ಓಡಾಡಿದರು. ಅಕ್ಕನಿಗೆ ಹೊಟ್ಟೆಕಿಚ್ಚಾಗಲಿಲ್ಲವೇ ಅಂದರೆ, ಆಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಸುತ್ತ ತಾನು ಗೋಡೆ ಕಟ್ಟಿದ್ದಕ್ಕೇ ಅವನು ಒಳಗೆ ಹಾರಾಡಿದ್ದು ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಕೊನೆಯ ಹಾಡು ಬ್ರೆಡ್ ಫ್ಯಾಕ್ಟರಿಯದು. "ಬಿಸಿ ಬಿಸಿ ಬ್ರೆಡ್ಡು ಬಂತು, ಬೀದಿಯೆಲ್ಲ ಎದ್ದು ಕೂತು" ಅಂತ ಪಲ್ಲವಿ. ರೇಡಿಯೋದವರು ಮೂರೇ ನಿಮಿಷ ಅಂದಿದ್ದರು, ಒಂದು ಸೆಕೆಂಡು ಹೆಚ್ಚಾದರೂ ಕತ್ತರಿ. ಆ ದಿನ ಖಾಲಿ ಮನೆಗೆ ಹೊಕ್ಕ ತಮ್ಮ ಎಂದೂ ಹೋಗದ ದಾರಿ ಹಿಡಿದ. ಬ್ರೆಡ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾರನ್ನೋ ಹುಡುಕಿಕೊಂಡು ಮೆಟ್ಟಿಲು ಹತ್ತುವ ಥರದ ರಾಗ, ಒಂದು ಮೆಟ್ಟಿಲು ಏರಿ, ನಿಂತು ಆಲಿಸಿ, ಇನ್ನೊಂದು ಏರಿ. ಹದಿನೇಳನೇ ಮನೆ ಬಂತು. ಅವನು ಬರಲಿಲ್ಲ. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪದವನು! ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಕೈ ಚಾಚಿ ಟಪ್ಪನೆ ಮೈಕು ಆರಿಸಿದಳು.

ತಮ್ಮ ಕಣ್ಣು ಬಿಟ್ಟ. ನಿದ್ದೆಯಿಂದ ಎಬ್ಬಿಸಿದಂಥ ಮುಖ. "ಅಕ್ಕಾ, ಇನ್ನೂ ಇತ್ತು" ಅಂದ.

"ಇದ್ರೆ ಇರ್ಲಿ. ನಾಳೆ ಹಾಡು, ಈಗ ಬ್ರೆಡ್ಡು ಮುಗಿಸು."

ಅವನು ಬ್ರೆಡ್ಡು ಮುಗಿಸಿದ. ಮಾರನೇ ದಿನ ಬೆಳಿಗ್ಗೆ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವನು ಕೂತ ಹಾಗೇ ಹೋಗಿಬಿಟ್ಟ. ತಲೆಯೊಳಗೆ ನರ ಒಡೆದಿತ್ತು ಅಂದರು ಡಾಕ್ಟರು. ಕ್ಷೌರಿಕ ಮಾತ್ರ ತುಂಬಾ ದಿನ ಒಂದೇ ಮಾತು ಹೇಳಿಕೊಂಡು ತಿರುಗಿದ: "ಏನೋ ಗುನುಗ್ತಾ ಇದ್ರು, ಅರ್ಧಕ್ಕೆ ನಿಂತ್ರು, ಮುಂದಿನ ಸ್ವರ ಯೋಚ್ನೆ ಮಾಡ್ತಿದಾರೆ ಅಂದ್ಕೊಂಡೆ." ಮೈಕು ಆರಿಸಿದ ವಿಷಯವನ್ನು ಹಾಡಿನಕ್ಕ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಎಂಟು ತಿಂಗಳು ಆ ಕೋಣೆಯ ಬೀಗವನ್ನೂ ತೆಗೆಯಲಿಲ್ಲ.

ಬೀಗ ತೆಗೆಸಿದವಳು ತಮ್ಮನ ಮಗಳು ಪುಟ್ಟಿ. ಹೆಸರಿಗೆ ಪುಟ್ಟಿ, ಆಳು ಬಾಗಿಲಿನೆತ್ತರ, ವಯಸ್ಸು ಇಪ್ಪತ್ತು. ನಕ್ಕಳೆಂದರೆ ಕೆಳಗಿನ ಟೈಲರು ಕತ್ತರಿ ಕೈಬಿಡಬೇಕು, ಅಷ್ಟು ದೊಡ್ಡ ನಗು. ಮೆಟ್ಟಿಲು ಹತ್ತುವುದೂ ಎರಡೆರಡೇ. ಗಂಟಲು ಅಪ್ಪನದು, ಶಿಸ್ತು ಅತ್ತೆಯದು. ಬರೆದುಕೊಟ್ಟದ್ದನ್ನು ಅಚ್ಚುಕಟ್ಟಾಗಿ ಹಾಡುತ್ತಾಳೆ, ಅದರಾಚೆ ಒಂದು ಹೆಜ್ಜೆ ಇಡು ಅಂದರೆ ಹೆದರುತ್ತಾಳೆ. "ಅತ್ತೆ, ನೀವು ಬರೀರಿ, ನಾನು ಹಾಡ್ತೀನಿ. ಹೀಗೆ ಗಂಟುಮುಖ ಹಾಕ್ಕೊಂಡು ಎಷ್ಟು ದಿನ ಕೂರ್ತೀರಾ?" ಎಂದು ಕೈಹಿಡಿದು ಎಳೆದುಕೊಂಡು ಬಂದಳು.

ಮೊದಲ ಹಾಡು ಕನ್ನಡಕದಂಗಡಿಗೆ. ಹಾಡಿನಕ್ಕ ಈ ಸಲ ಹದಿನಾರು ಮನೆಗಳನ್ನೂ ತಾನೇ ತುಂಬಿದಳು. ಇನ್ನು ಯಾರಿಗೆ ಖಾಲಿ ಬಿಡುವುದು? ಪುಟ್ಟಿ ಒಂದು ಸ್ವರ ಆಚೀಚೆ ಆಗದಂತೆ ಹಾಡಿದಳು. ಕೇಳಿಸಿಕೊಂಡರೆ ಉಪ್ಪಿಲ್ಲದ ಊಟ. ಎಲ್ಲವೂ ಸರಿಯಿದೆ, ಏನೂ ಇಲ್ಲ. ಎರಡು ದಿನ ತಿದ್ದಿ ತಿದ್ದಿ ಹಾಳೆ ತೂತಾಯಿತು. ಮೂರನೆಯ ದಿನ ಅವಳು ರಬ್ಬರು ತೆಗೆದುಕೊಂಡು ಹದಿನಾರನ್ನೂ ಅಳಿಸಿಬಿಟ್ಟಳು. "ಇಲ್ಲಿ ಬಾಯಿಗೆ ಬಂದಿದ್ದು ಹಾಡು" ಅಂದಳು.

"ಏನೂ ಬರ್ದೇ ಇದ್ರೆ?"

"ಸುಮ್ನೆ ನಿಂತಿರು. ಹದಿನೇಳಕ್ಕೆ ನಾನು ಕೈ ಎತ್ತುತ್ತೀನಿ."

ಪುಟ್ಟಿ ಎರಡನೇ ಚರಣ ಮುಗಿಸಿದಳು. ಕಣ್ಣು ಮುಚ್ಚಿದಳು. ಒಂದು ಮನೆಯಷ್ಟು ಹೊತ್ತು ಸುಮ್ಮನಿದ್ದಳು. ಕೆಳಗೆ ಹೊಲಿಗೆ ಯಂತ್ರ ನಿಂತಿತು. ಆಮೇಲೆ ಅವಳ ಬಾಯಿಂದ ಬಂದ ಮೊದಲ ಸ್ವರಕ್ಕೆ ಹಾಡಿನಕ್ಕನ ಮೈಯೆಲ್ಲ ಮುಳ್ಳೆದ್ದಿತು. ಅದು ಎಂಟು ತಿಂಗಳ ಹಿಂದೆ ತಾನು ಮೈಕು ಆರಿಸಿದಾಗ ಅರ್ಧಕ್ಕೆ ನಿಂತ ಸ್ವರ. ಅದರ ಬೆನ್ನಿಗೆ ಒಂದು ಮೆಟ್ಟಿಲು ಏರಿ, ನಿಂತು ಆಲಿಸಿ, ಇನ್ನೊಂದು ಏರಿ. ಆ ರೆಕಾರ್ಡನ್ನು ಪುಟ್ಟಿ ಕೇಳಿರಲಿಲ್ಲ. ಕೇಳುವ ದಾರಿಯೇ ಇರಲಿಲ್ಲ, ಹೆಚ್ಚಾದದ್ದನ್ನು ಅಕ್ಕನೇ ಆ ದಿನವೇ ಅಳಿಸಿ ಹಾಕಿದ್ದಳು.

ಹದಿನೇಳಕ್ಕೆ ಕೈ ಎತ್ತಿದಳು. ಪುಟ್ಟಿ ಹದಿನೆಂಟಕ್ಕೆ ಬಂದಳು. "ನಾನು ಹಾಡಿದ್ನಾ? ಏನೂ ನೆನಪೇ ಇಲ್ಲ ಅತ್ತೆ. ಒಂಥರಾ ಬಿಸಿಲಲ್ಲಿ ಮಲಗಿದ್ದ ಹಾಗಿತ್ತು" ಎಂದು ಅವಳು ಎಂದಿನಂತೆ ನಕ್ಕಳು.

ಸಂಜೆ ಇಳಿದು ಹೋಗುವಾಗ ಟೈಲರು ಕತ್ತು ಹೊರಗೆ ಹಾಕಿದ. "ಹಳೇ ರೆಕಾರ್ಡು ಹಾಕಿದ್ರಾ ಅಕ್ಕಾ? ನಿಮ್ಮ ತಮ್ಮ ಹಾಡಿದ ಹಾಗೇ ಇತ್ತು."

"ಹೂಂ, ಹಳೇದು" ಎಂದು ಹಾಡಿನಕ್ಕ ತಲೆ ತಗ್ಗಿಸಿಕೊಂಡು ನಡೆದಳು. ರಕ್ತ ಎಲ್ಲಿ ಹೋಗುತ್ತದೆ, ಅಪ್ಪನ ಮಗಳಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಆ ರಾತ್ರಿ ಊಟ ಸೇರಿತು ಅವಳಿಗೆ, ಎಂಟು ತಿಂಗಳಲ್ಲಿ ಮೊದಲ ಸಲ.

ಎರಡನೇ ಹಾಡಿನಲ್ಲಿ ಪುಟ್ಟಿ ಮೊದಲ ಹಾಡು ಬಿಟ್ಟ ಜಾಗದಿಂದ ಶುರು ಮಾಡಿದಳು. ಮೂರನೆಯದರಲ್ಲಿ ಎರಡನೆಯದು ಬಿಟ್ಟ ಜಾಗದಿಂದ. ಹಾಡಿನಕ್ಕ ಗಜಕಡ್ಡಿಯಲ್ಲವೇ, ಸುಮ್ಮನೆ ಕೂರುತ್ತಾಳೆಯೇ? ಪ್ರತಿಯೊಂದನ್ನೂ ಸ್ವರ ಸ್ವರವಾಗಿ ಚೌಕುಳಿ ಹಾಳೆಗೆ ಇಳಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದರ ತುದಿಗೆ ಒಂದು ಅಂಟಿಸಿ ಗೋಡೆಯ ಹಾಸಿಗೆಗೆ ಪಿನ್ನು ಚುಚ್ಚಿದಳು. ಒಂದು ಎಳೆ ಆಚೀಚೆ ಇಲ್ಲ. ಒಂದೇ ರಾಗ, ತಾನು ಕತ್ತರಿಸಿದ ಕಡೆಯಿಂದ ಚಿಗುರಿ ಗೋಡೆಯುದ್ದಕ್ಕೂ ನಡೆದುಕೊಂಡು ಹೊರಟಿತ್ತು. ಅದರ ಮುಂದೆ ನಿಂತು ಅವಳು ಅತ್ತಳು. ಹೆದರಿಕೆಗೆ ಅತ್ತಳು ಅಂದುಕೊಳ್ಳಬೇಡಿ. ಸಂತೋಷಕ್ಕೆ ಅತ್ತಳು. ತಮ್ಮ ಎಲ್ಲೂ ಹೋಗಿಲ್ಲ, ತನ್ನ ಖಾಲಿ ಮನೆಗೇ ಬರುತ್ತಿದ್ದಾನೆ.

ಅವಳು ಹಾಡುಗಳನ್ನು ಒಪ್ಪಿಕೊಳ್ಳುತ್ತಾ ಹೋದಳು. ವಾರಕ್ಕೊಂದು ಇದ್ದದ್ದು ಎರಡಾಯಿತು, ಮೂರಾಯಿತು. ಪುಟ್ಟಿ ಹಿಂತಿರುಗುವುದು ತಡವಾಗುತ್ತಾ ಹೋಯಿತು. ಇಪ್ಪತ್ತನೇ ಮನೆ, ಇಪ್ಪತ್ತಾರು, ಮೂವತ್ತೊಂದು. ಹಾಡಿನಕ್ಕ ಒಮ್ಮೆಯೂ ಮೈಕು ಆರಿಸಲಿಲ್ಲ. ಆ ತಪ್ಪನ್ನು ಇನ್ನೊಮ್ಮೆ ಮಾಡುವವಳಲ್ಲ ಅವಳು. ಹುಡುಗಿ ಎಷ್ಟು ಹೊತ್ತಾದರೂ ಹಾಡಲಿ ಎಂದು ಕೈಕಟ್ಟಿ ಕೂತು ಕೇಳಿದಳು. ರೇಡಿಯೋದವರಿಗೆ ಬೇಕಾದಷ್ಟನ್ನು ಮಾತ್ರ ಕತ್ತರಿಸಿ ಕೊಡುತ್ತಿದ್ದಳು, ಉಳಿದದ್ದು ಅವಳ ಪಾಲು.

ಮೊದಲು ಹೋದದ್ದು ಹುಡುಗಿಯ ನಗು. ಯಾವ ದಿನ ಹೋಯಿತೋ ಹಾಡಿನಕ್ಕನಿಗೆ ಗೊತ್ತಾಗಲಿಲ್ಲ. ಒಂದು ದಿನ ಚಪ್ಪಲಿ ಅಂಗಡಿಯವನು ಬಂದು, "ಹಾಡಲ್ಲಿ ನನ್ನ ಹೆಸರು ಮೂರು ಸಲ ಬರ್ಲಿ, ನನ್ನ ಹೆಂಡತಿ ಹೆಸರು ಒಂದ್ಸಲ ಬಂದ್ರೆ ಸಾಕು" ಎಂದಾಗ, ಪುಟ್ಟಿ ಹೊಟ್ಟೆ ಹಿಡಿದುಕೊಂಡು ಬೀಳಬೇಕಿತ್ತು. ಸುಮ್ಮನೆ ಕಿಟಕಿ ಕಡೆ ನೋಡುತ್ತಾ ಕೂತಿದ್ದಳು. ಆಮೇಲೆ ಮೆಟ್ಟಿಲನ್ನು ಒಂದೊಂದೇ ಹತ್ತತೊಡಗಿದಳು, ನಡುವೆ ನಿಂತು ಆಲಿಸುತ್ತಾ. ಆಮೇಲೆ ಹಾಡುವ ಮುಂಚೆ ಎಡಗಿವಿ ಉಜ್ಜಿಕೊಂಡಳು. ಅದನ್ನು ಕಂಡಾಗ ಹಾಡಿನಕ್ಕನ ಎದೆ ಧಸಕ್ಕೆಂದದ್ದು ನಿಜ. ಆದರೂ ರೆಕಾರ್ಡಿನ ಗುಂಡಿ ಒತ್ತಿದಳು.

ಒಂದು ಮಧ್ಯಾಹ್ನ ಪುಟ್ಟಿಯ ತಾಯಿ ಆಸ್ಪತ್ರೆಯ ಕೆಲಸ ಮುಗಿಸಿ ನರ್ಸಿನ ಬಟ್ಟೆಯಲ್ಲೇ ಬಂದಳು. ಬಾಗಿಲಲ್ಲೇ ನಿಂತು, "ಅಕ್ಕ, ಮಗಳಿಗೆ ಏನೋ ಆಗಿದೆ" ಅಂದಳು.

"ಏನಾಗಿದೆ? ವಯಸ್ಸು. ಯಾರನ್ನೋ ಮೆಚ್ಚಿಕೊಂಡಿರ್ಬೇಕು."

"ಅಲ್ಲ ಅಕ್ಕ. ನಿನ್ನೆ ತಟ್ಟೆ ಮುಂದೆ ಕೂತವಳು ನನ್ನ ಮುಖ ನೋಡಿ 'ನೀವು?' ಅಂದ್ಲು. ತಮಾಷೆ ಅಂದ್ಕೊಂಡೆ. ಅವಳ ಕಣ್ಣು ನೋಡಿದ್ರೆ ತಮಾಷೆ ಅಲ್ಲ. ನಾನು ದಿನಾ ಎಷ್ಟು ಜನರ ಕಣ್ಣು ನೋಡ್ತೀನಿ, ನನಗೆ ಗೊತ್ತಾಗಲ್ವಾ?" ಅವಳು ಕಣ್ಣೊರೆಸಿಕೊಂಡಳು. "ಅವರನ್ನಂತೂ ಕಳ್ಕೊಂಡೆ. ಇವಳೊಬ್ಬಳು ಇದಾಳೆ ನನಗೆ. ಸ್ವಲ್ಪ ದಿನ ಹಾಡು ಬಿಡಿಸಿ ಅಕ್ಕ, ನಿಮ್ಮ ಮಾತು ಕೇಳ್ತಾಳೆ."

"ನೋಡೋಣ" ಅಂದಳು ಹಾಡಿನಕ್ಕ.

ಅವಳ ಮೇಲೆ ಸಿಟ್ಟು ಬರುತ್ತಿದೆಯೇ? ನನಗೂ ಬರುತ್ತದೆ. ಎದುರಿಗೆ ಹೆತ್ತವಳು ನಿಂತು ಕಣ್ಣೀರು ಹಾಕುತ್ತಿದ್ದಾಳೆ, ಇವಳು ನಾಳೆಯ ಹಾಡಿಗೆ ಎಷ್ಟು ಮನೆ ಬಿಡಲಿ ಎಂದು ಲೆಕ್ಕ ಹಾಕುತ್ತಿದ್ದಾಳೆ. ಗೊತ್ತಿಲ್ಲದೆ ಮಾಡಿದಳು ಅನ್ನುವ ಹಾಗಿಲ್ಲ. ಗೋಡೆಯ ಮೇಲಿನ ಪಟ್ಟಿ ಎಷ್ಟು ಉದ್ದವಾಯಿತೋ ಹುಡುಗಿ ಅಷ್ಟು ಕಡಿಮೆಯಾದಳೆಂದು ಅವಳಿಗಿಂತ ಚೆನ್ನಾಗಿ ಅಳೆದವರು ಯಾರೂ ಇರಲಿಲ್ಲ. ಅವಳಿಗೆ ತಮ್ಮ ಬೇಕಿತ್ತು, ಅಷ್ಟೇ.

ಮಾರನೇ ದಿನದ ಹಾಡಿನಲ್ಲಿ ಪುಟ್ಟಿ ನಲವತ್ತನೇ ಮನೆ ದಾಟಿ ಬಂದಳು. ಕಣ್ಣು ಬಿಟ್ಟು, ಹಾಡಿನಕ್ಕನ ಮುಖವನ್ನು ಪ್ರೀತಿಯಿಂದ ನೋಡುತ್ತಾ, "ಅಕ್ಕಾ, ಇನ್ನೂ ಇದೆ. ನೀನು ಖಾಲಿ ಮನೆ ಜಾಸ್ತಿ ಬಿಡು" ಅಂದಳು.

ಹಾಡಿನಕ್ಕನ ಜೀವ ಬಾಯಿಗೆ ಬಂತು. "ಪುಟ್ಟೀ! ನಾನು ನಿನ್ನ ಅತ್ತೆ ಕಣೇ. ಅತ್ತೆ ಅನ್ನು. ಅನ್ನು ನೋಡೋಣ!" ಎಂದು ಭುಜ ಹಿಡಿದು ಅಲುಗಾಡಿಸಿದಳು. ಹುಡುಗಿ ತುಂಬಾ ಹೊತ್ತು ಯೋಚಿಸಿದಳು, ಮರೆತ ವಿಳಾಸವನ್ನು ನೆನೆಸಿಕೊಳ್ಳುವವರ ಹಾಗೆ. "ಅತ್ತೆ" ಅಂದಳು ಕೊನೆಗೆ. ಆ ಮಾತಿನಲ್ಲಿ ಪುಟ್ಟಿ ಎಷ್ಟಿದ್ದಳೋ ಏನೋ.

ಆಗ ಬಂತು ಬುದ್ಧಿ. ಸಂತೋಷವೆಲ್ಲ ಜರ್ರನೆ ಇಳಿದು, ಹೆದರಿಕೆಯೊಂದೇ ಉಳಿಯಿತು. ಅವಳು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹೂಡಿದಳು. ಹಾಡೇ ಬೇಡ, ಮನೆಯಲ್ಲಿರು ಅಂದಳು. ಹುಡುಗಿ ಮನೆಯಲ್ಲೇ ಒಲೆಯ ಮುಂದೆ ನಿಂತು ಕಣ್ಣು ಮುಚ್ಚಿದಳಂತೆ, ಹಾಲೆಲ್ಲ ಉಕ್ಕಿ ಹರಿದು ಸೀದು ವಾಸನೆ ಬಂದರೂ ಎಚ್ಚರವಿಲ್ಲ, ಗುನುಗು ನಿಂತಿಲ್ಲ. ಕೋಣೆಗೇ ಕರೆಸಿ, ಖಾಲಿ ಮನೆಯೇ ಇಲ್ಲದ ಹಾಡು ಬರೆದುಕೊಟ್ಟಳು. ಎರಡನೇ ಚರಣ ಮುಗಿದ ಕೂಡಲೇ ಪುಟ್ಟಿ ಹಾಳೆಯಿಂದ ಕಣ್ಣು ಕಿತ್ತು ತನ್ನ ದಾರಿ ಹಿಡಿದಳು. ಇನ್ನು ಒಂದೇ ಉಪಾಯ ಉಳಿದಿತ್ತು. ರಾಗ ಮುಗಿಯದೆ ಇರುವುದರಿಂದ ತಾನೇ ಈ ಗೋಳು? ಮುಗಿಸಿಬಿಟ್ಟರಾಯಿತು. ಮೂರು ದಿನ ಗೋಡೆಯ ಪಟ್ಟಿಯ ಮುಂದೆ ಕೂತು, ಏರಿದ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಕೊನೆಗೆ ಹಾಡಿನ ಬುಡವಾದ ಷಡ್ಜಕ್ಕೆ ತಂದು ನಿಲ್ಲಿಸುವ ಒಂದು ಮುಕ್ತಾಯ ಬರೆದಳು. ಅವಳ ಜೀವಮಾನದಲ್ಲೇ ಅಷ್ಟು ಚೆಂದದ ಲೆಕ್ಕ ಅವಳು ಕಟ್ಟಿರಲಿಲ್ಲ. ಯಾವ ಮೇಷ್ಟರು ನೋಡಿದರೂ ಭೇಷ್ ಅನ್ನಬೇಕು.

ಪುಟ್ಟಿ ಅದನ್ನು ಹಾಡಿದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಕಿಟಕಿಯಲ್ಲಿ ಬಿಸಿಲು, ಬೀದಿಯಲ್ಲಿ ಬಸ್ಸಿನ ಹಾರನ್ನು. ಹುಡುಗಿ ಖಾಲಿ ಮನೆಯ ಹೊಸ್ತಿಲು ದಾಟಿದಳು, ರಾಗವನ್ನು ಬಿಟ್ಟ ಕಡೆಯಿಂದ ಎತ್ತಿಕೊಂಡಳು, ಬರೆದ ಮುಕ್ತಾಯದ ಕಡೆಗೆ ತಿರುಗಿದಳು. ಇಳಿದಳು, ಇಳಿದಳು, ಷಡ್ಜಕ್ಕೆ ಬಂದು ನಿಂತಳು. ಹಾಡಿನಕ್ಕ ಉಸಿರು ಬಿಗಿಹಿಡಿದಳು. ಪುಟ್ಟಿ ಷಡ್ಜದ ಮೇಲೆ ಒಂದು ಕ್ಷಣ ನಿಂತು ಆಲಿಸಿದಳು. ಆಮೇಲೆ, ಇದೂ ಒಂದು ಮೆಟ್ಟಿಲೇ ಎನ್ನುವ ಹಾಗೆ, ಅಲ್ಲಿಂದ ಇನ್ನೊಂದು ಏರಿದಳು.

ಐವತ್ತು ಮನೆ ದಾಟಿತು. ಎಪ್ಪತ್ತು. ನೂರು. ಹಾಡಿನಕ್ಕ ಮೈಕು ಆರಿಸಿದಳು, ಕಂಪ್ಯೂಟರಿನ ವಯರು ಕಿತ್ತಳು, ಹೆಸರು ಹಿಡಿದು ಕೂಗಿದಳು, ಕೆನ್ನೆಗೆ ಹೊಡೆದಳು, ಮುಖಕ್ಕೆ ನೀರೆರಚಿದಳು. ಹುಡುಗಿ ಹಾಡುತ್ತಲೇ ಇದ್ದಳು. ಉಸಿರು ತೆಗೆದುಕೊಳ್ಳಬೇಕಾದ ಕಡೆ ತೆಗೆದುಕೊಳ್ಳುತ್ತಿಲ್ಲ. ತುಟಿ ಬಣ್ಣಗೆಡುತ್ತಿತ್ತು, ಬೆರಳ ತುದಿ ತಣ್ಣಗಾಗಿತ್ತು. ಕೆಳಗೆ ಹೊಲಿಗೆ ಯಂತ್ರದ ಸದ್ದಿಲ್ಲ. ಬೀದಿಯೂ ಕಿವಿಗೊಟ್ಟು ನಿಂತಿದೆ ಅನ್ನಿಸಿತು.

"ಬಿಡೋ ಅವಳನ್ನ!" ಎಂದು ಹಾಡಿನಕ್ಕ ಕಿರುಚಿದಳು. "ನಿನ್ನ ಮಗಳು ಕಣೋ ಅವಳು! ಆ ದಿನ ತಪ್ಪು ಮಾಡಿದ್ದು ನಾನು. ನಿನ್ನ ಬಾಯಿ ಮುಚ್ಚಿಸಿದ್ದು ನಾನು. ಬೇಕಾದ್ರೆ ನನ್ನ ಬಾಯಿ ತಗೋ."

ಹೇಳಿದ ಮೇಲೆ ಅವಳಿಗೇ ಅರ್ಥವಾಯಿತು, ಏನು ಹೇಳಿದೆನೆಂದು. ಹಾಳೆಯಿಲ್ಲದೆ ಅವಳು ಎಂದೂ ಬಾಯಿ ತೆರೆದವಳಲ್ಲ. ಸಾವಿರ ಹಾಡು ಕಟ್ಟಿದ ಹೆಂಗಸು, ಸ್ನಾನ ಮಾಡುವಾಗ ಕೂಡ ಗುನುಗಿದವಳಲ್ಲ. ಮುಂದಿನ ಸ್ವರ ಯಾವುದೆಂದು ತಿಳಿಯದೆ ಹೆಜ್ಜೆ ಇಡುವುದೆಂದರೆ ಅವಳಿಗೆ ಬಾವಿಯ ಕಟ್ಟೆಯ ಮೇಲೆ ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ತಮ್ಮ ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದ, ಅವಳು ಆಚೆ ನಿಂತು ಮನೆ ಎಣಿಸಿದ್ದಳು. ಪುಟ್ಟಿಯ ಮಂಡಿ ಕುಸಿಯುತ್ತಿತ್ತು. ಹಾಡಿನಕ್ಕ ಕಣ್ಣು ಮುಚ್ಚಿ ಬಾಯಿ ತೆರೆದಳು.

ಮೊದಲ ಸ್ವರ ಅಪಸ್ವರ. ಎರಡನೆಯದೂ ಅಷ್ಟೇ. ಥೂ ನನ್ನ ಗಂಟಲೇ, ಅಂದುಕೊಂಡಳು. ಆದರೆ ಪುಟ್ಟಿಯ ರಾಗ ಒಂದು ಎಣಿಕೆ ತಡೆಯಿತು. ಇನ್ನೊಬ್ಬರು ದನಿ ಸೇರಿಸಿದಾಗ ತಮ್ಮ ಹಾಗೇ ತಡೆಯುತ್ತಿದ್ದ, ಜಾಗ ಕೊಡಲಿಕ್ಕೆ. ಆ ಸಂದಿಯಲ್ಲಿ ಹಾಡಿನಕ್ಕ ಮೂರನೇ ಸ್ವರ ಹಾಕಿದಳು. ಅದು ಎಲ್ಲಿಂದ ಬಂತೋ ಗೊತ್ತಿಲ್ಲ, ಸರಿಯಾಗಿ ಕೂತಿತು. ನಾಲ್ಕನೆಯದು ತಾನಾಗಿ ಬಂತು. ಐದನೆಯದಕ್ಕೆ ಪುಟ್ಟಿಯ ದನಿ ಕೆಳಗಿಳಿಯಿತು, ಆರನೆಯದಕ್ಕೆ ನಿಂತಿತು. ಹುಡುಗಿ ನೀರಿನಿಂದ ಮೇಲೆ ಬಂದವಳ ಹಾಗೆ ಒಂದು ದೊಡ್ಡ ಉಸಿರೆಳೆದು ಕೆಮ್ಮಿದಳು.

ರಾಗವೀಗ ಹಾಡಿನಕ್ಕನ ಬಾಯಲ್ಲಿತ್ತು. ನಾಲಿಗೆಯ ಮೇಲೆ ಬೆಚ್ಚಗೆ ಕೂತಿತ್ತು. ಅಯ್ಯೋ, ಎಷ್ಟು ಚೆನ್ನಾಗಿದೆ, ಇದನ್ನು ನಾನು ಕತ್ತರಿಸಿದೆನಲ್ಲ ಎಂದು ಅವಳ ಎದೆ ಹಿಂಡಿತು. ಪಕ್ಕದಲ್ಲೇ ತಮ್ಮ ನಿಂತಿದ್ದಾನೆ, ಕಣ್ಣು ಬಿಟ್ಟರೆ ಇರುವುದಿಲ್ಲ ಎಂದು ಗೊತ್ತಿತ್ತು. ಕಣ್ಣು ಬಿಟ್ಟಳು.

"ಅತ್ತೆ?" ಪುಟ್ಟಿ ನೆಲದ ಮೇಲೆ ಕೂತು ಒದ್ದೆ ಮುಖ ಒರೆಸಿಕೊಳ್ಳುತ್ತಿದ್ದಳು. "ನಾನ್ಯಾಕೆ ನೆಂದಿದೀನಿ? ಅಯ್ಯೋ, ನೀವು ಹಾಡ್ತಿದೀರಾ! ಹಾಳೇನೇ ಇಲ್ದೆ!" ಎಂದವಳೇ ನಕ್ಕಳು. ಆ ಬಾಗಿಲೆತ್ತರದ, ಕತ್ತರಿ ಕೈಬಿಡಿಸುವ ನಗು. ಕೆಳಗೆ ಹೊಲಿಗೆ ಯಂತ್ರ ಮತ್ತೆ ಗಡಗಡ ಶುರುವಾಯಿತು.

ಹಾಡಿನಕ್ಕ ಹಾಡುತ್ತಲೇ ಅವಳನ್ನು ಎಬ್ಬಿಸಿ, ಕೈಗೆ ಚೀಲ ಕೊಟ್ಟು, ಬಾಗಿಲ ಕಡೆ ತಳ್ಳಿದಳು. ಮನೆಗೆ ಹೋಗು, ಅಮ್ಮನ ಹತ್ತಿರ ಹೋಗು ಎಂದು ಕೈಸನ್ನೆ ಮಾಡಿದಳು. "ಇದೇನತ್ತೆ, ಮಾತೇ ಆಡಲ್ವಾ? ಸರಿ, ಅಮ್ಮಂಗೆ ಹೇಳ್ತೀನಿ, ಅಪ್ಪನ ಗಜಕಡ್ಡಿ ಅತ್ತೆ ದಾರಿ ತಪ್ಪಿದ್ರು ಅಂತ" ಎಂದು ಪುಟ್ಟಿ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದಳು. ಹಾಡಿನಕ್ಕ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕಿಟಕಿಗೆ ಬಂದಳು. ಮುಗಿಯಿತಲ್ಲ, ಸಾಕು ಇನ್ನು ಎಂದು ಬಾಯಿ ಮುಚ್ಚಿದಳು.

ಕೆಳಗೆ ಬೀದಿ ದಾಟುತ್ತಿದ್ದ ಪುಟ್ಟಿ ನಡುರಸ್ತೆಯಲ್ಲಿ ಗಕ್ಕನೆ ನಿಂತಳು. ಅವಳ ಕೈ ನಿಧಾನವಾಗಿ ಮೇಲೆದ್ದು ಎಡಗಿವಿಗೆ ಹೋಯಿತು. ಹಾಡಿನಕ್ಕ ಬಿಟ್ಟ ಸ್ವರದಿಂದಲೇ ಗುನುಗು ಶುರುವಾಯಿತು, ಅಷ್ಟು ದೂರದಿಂದಲೂ ಕೇಳಿಸಿತು. ಬಸ್ಸೊಂದು ಹಾರನ್ನು ಹೊಡೆಯುತ್ತಾ ತಿರುವಿನಲ್ಲಿ ಬಂತು. ಹುಡುಗಿಗೆ ಕೇಳಿಸುತ್ತಿಲ್ಲ.

ಹಾಡಿನಕ್ಕ ಕಿಟಕಿಯ ಸರಳು ಹಿಡಿದುಕೊಂಡು, ಮುಂದಿನ ಸ್ವರವನ್ನು ಅವಳ ಬಾಯಿಂದ ಕಿತ್ತುಕೊಂಡ ಹಾಗೆ ತಾನೇ ಹಾಡಿದಳು. ಪುಟ್ಟಿ ತಲೆ ಕೊಡವಿದಳು, ಬಸ್ಸನ್ನು ಕಂಡು ಬೆಚ್ಚಿ ಆಚೆಗೆ ಹಾರಿದಳು. ಡ್ರೈವರನಿಗೆ ಏನೋ ಬೈದಳು. ಆಮೇಲೆ ಚೀಲ ಬೀಸಿಕೊಂಡು ಮನೆಯ ದಾರಿ ಹಿಡಿದು ತಿರುವಿನಲ್ಲಿ ಮರೆಯಾದಳು.

ನಿಲ್ಲಿಸುವ ಹಾಗಿಲ್ಲ. ಅದು ಹಾಡಿನಕ್ಕನಿಗೆ ಪೂರಾ ಅರ್ಥವಾಯಿತು. ಉಸಿರಿಗೆ ಎಷ್ಟು ಬೇಕೋ ಅಷ್ಟು ಸಂದಿ, ಅದಕ್ಕಿಂತ ಹೆಚ್ಚು ತಡೆದರೆ ಆ ರಾಗ ಹುಡುಗಿಯನ್ನು ಹುಡುಕಿಕೊಂಡು ಹೋಗುತ್ತದೆ. ರಾಗ ಎಷ್ಟು ಉದ್ದವಿದೆಯೋ ತಮ್ಮ ಹೇಳಿರಲಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ. ಗಂಟಲು ಆಗಲೇ ಉರಿಯುತ್ತಿತ್ತು. ಹೊರಗೆ ಇನ್ನೂ ಹನ್ನೆರಡು ಗಂಟೆಯಾಗಿರಲಿಲ್ಲ. ಅವಳು ಹಾಡುತ್ತಲೇ ಕುರ್ಚಿ ಎಳೆದುಕೊಂಡು ಕೂತಳು.